ಪಕ್ಕದ ಮಂಚದ ಚೊಂಬು

ಕೋಣನಕುಂಟೆಯ ಮುನಿಲಕ್ಷ್ಮಮ್ಮನಿಗೆ ಅದುವರೆಗೂ ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟು ಗೊತ್ತಿರಲಿಲ್ಲ. ಪುರುಸೊತ್ತೇ ಇರಲಿಲ್ಲ ಅನ್ನಿ. ಹೊಲ, ಹಸು, ಒಲೆ, ಇಷ್ಟರಲ್ಲೇ ಹೊತ್ತು ಮುಳುಗುತ್ತಿತ್ತು. ಆ ಕಿಚ್ಚು ಹತ್ತಿದ್ದು ಜಯನಗರದ ಹೆರಿಗೆ ಆಸ್ಪತ್ರೆಯಲ್ಲಿ, ಚೊಚ್ಚಲ ಗಂಡುಮಗು ಹೆತ್ತು ಮಲಗಿದ್ದಾಗ.

ಜಯನಗರ ಆಗಿನ್ನೂ ಹೊಸದು. ಊರಿನ ಸೂಲಗಿತ್ತಿ ಕೈಚೆಲ್ಲಿದ್ದರಿಂದ ಗಂಡ ಬೈರಣ್ಣ ಗಾಡಿ ಕಟ್ಟಿಕೊಂಡು ಬಂದು ಸೇರಿಸಿದ್ದ. ಮನೆಯಲ್ಲಾಗಿದ್ದರೆ ಕತ್ತಲೆ ಕೋಣೆ, ಸಾಂಬ್ರಾಣಿ ಹೊಗೆ, ಮೆಣಸು ಬೆಳ್ಳುಳ್ಳಿ ಸಾರು. ಇಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು. ಬೆಳಗ್ಗೆ ಬ್ರೆಡ್ಡು, ಹಾಲು. ನರ್ಸಮ್ಮ ಬಂದು ಹೊಟ್ಟೆ ಒತ್ತಿ ನೋಡಿ, "ಎದ್ದು ಓಡಾಡಮ್ಮ" ಎಂದು ಗದರುತ್ತಿದ್ದರು. ಎಲ್ಲಕ್ಕಿಂತ ವಿಚಿತ್ರವೆಂದರೆ, ಬಾಣಂತಿಯರನ್ನೆಲ್ಲ ಒಂದೇ ಹಜಾರದಲ್ಲಿ ಸಾಲಾಗಿ ಮಲಗಿಸಿದ್ದರು.

ಅದನ್ನು ಕಂಡು ಅತ್ತೆ ನಾರಾಯಣಮ್ಮ ಬಾಗಿಲಲ್ಲೇ ಎದೆ ಹಿಡಿದುಕೊಂಡರು. "ಅಯ್ಯೋ ಸಿವನೇ! ಬಾಣಂತಿ ಮೊಕ ಬಾಣಂತಿ ನೋಡ್ಬಾರ್ದು ಕಣೇ. ಒಬ್ಬಳ ಹಾಲು ಇನ್ನೊಬ್ಬಳಿಗೆ ಹೊಂಟೋಯ್ತದೆ!" ಎಂದು ತಮ್ಮದೇ ಸೀರೆಯೊಂದನ್ನು ಎರಡು ಮಂಚದ ನಡುವೆ ಕಟ್ಟಿಬಿಟ್ಟರು.

ಸೀರೆಯ ಆಚೆ ಮಲಗಿದ್ದವಳು ಮೀನಾಕ್ಷಮ್ಮ, ಜವಳಿ ಅಂಗಡಿಯವರ ಸೊಸೆ. ಸೀರೆ ಕಣ್ಣಿಗೆ ಮರೆಯಾಯಿತು, ಕಿವಿಗೆ ಆಗಲಿಲ್ಲ. ಆಕೆ ಚೊಂಬೆತ್ತಿ ಗಟಗಟ ನೀರು ಕುಡಿಯುವ ಸದ್ದು. ಆಮೇಲೆ ಆಕೆಯ ಮಗು ಗುಟುಕು ಗುಟುಕಾಗಿ ಹಾಲು ನುಂಗುವ ಸದ್ದು. "ಅವ್ವಾ, ಇನ್ನೊಂದು ರವಿಕೆ ಕೊಡು, ಇದೂ ನೆಂದೋಯ್ತು" ಎಂದು ತಾಯಿಗೆ ಹೇಳಿದ್ದೂ ಕೇಳಿಸಿತು.

ಮುನಿಲಕ್ಷ್ಮಮ್ಮನ ರವಿಕೆ ಒಣಗಿತ್ತು. ಬಾಯಿಯೂ ಒಣಗಿತ್ತು. ಹಸಿ ಬಾಣಂತಿ ನೀರು ಕುಡಿದರೆ ಶೀತವೆಂದು ಅತ್ತೆ ಊಟದ ಜತೆ ಒಂದು ಗುಟುಕು ಬಿಸಿನೀರು ಬಿಟ್ಟರೆ ಏನೂ ಕೊಡುತ್ತಿರಲಿಲ್ಲ. ಮೊದಲು ಬಂದ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿ, ಮಗುವಿಗೆ ಬಟ್ಟೆಯ ಬತ್ತಿಯಲ್ಲಿ ಸಕ್ಕರೆ ನೀರು ಚೀಪಿಸುತ್ತಿದ್ದರು. ನರ್ಸಮ್ಮ, "ನೀರು ಕುಡಿ, ಮಗೂನ ಎದೆಗೆ ಹಾಕ್ಕೊ" ಎಂದರೆ ಅತ್ತೆಯೇ "ಆಗ್ಲಿ ತಾಯಿ" ಎನ್ನುವುದು, ಅವರು ಬೆನ್ನು ತಿರುಗಿಸಿದ್ದೇ ತಡ ಬತ್ತಿ ಹಿಡಿಯುವುದು.

ಮಗು ಸೊರಗುತ್ತಿತ್ತು. ನನ್ನ ಹಾಲೇ ಆ ಕಡೆ ಹೋಗಿ ಸೇರಿದೆ ಎಂದು ಮುನಿಲಕ್ಷ್ಮಮ್ಮನಿಗೆ ಖಾತ್ರಿಯಾಯಿತು. ಸೀರೆಯ ಅಂಚು ಸರಿಸಿ ಸರಿಸಿ ಆ ಗುಂಡುಮಗುವನ್ನು ನೋಡಿ ಉರಿದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ ಬಟ್ಟೆ ಒಗೆಯಲು ಹೋಗಿದ್ದಾಗ ಮಗು ಅಳತೊಡಗಿತು. ಮೀನಾಕ್ಷಮ್ಮ ನಡುವಿನ ಸೀರೆ ಸರಿಸಿ ಮುಖ ಹಾಕಿದಳು.

"ಅಕ್ಕಾ, ಕೊಡಿ ಇಲ್ಲಿ, ನಾನೊಂದಿಷ್ಟು ಕುಡಿಸ್ತೀನಿ. ನಂದು ಸುಮ್ನೆ ಸುರಿದೋಗ್ತಾ ಇದೆ."

ಸುರಿದುಹೋಗುತ್ತಿದೆಯಂತೆ! ಮುನಿಲಕ್ಷ್ಮಮ್ಮನಿಗೆ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು.

"ನನ್ ಮಗ ಕಂಡೋರ ಹಾಲು ಕುಡಿಯಾಕಿಲ್ಲ."

"ಹಾಗಾದ್ರೆ ನಿಮ್ಮದೇ ಕುಡಿಸಿ."

"ಎಲ್ಲಿಂದ ಕುಡಿಸ್ಲಿ? ಎಲ್ಲಾ ನೀನೇ ಎಳ್ಕೊಂಡಿದೀಯಲ್ಲ!"

ಮೀನಾಕ್ಷಮ್ಮ ಹೊಟ್ಟೆಯ ಮೇಲಿನ ಹೊಲಿಗೆ ಹಿಡಿದುಕೊಂಡು ನಕ್ಕಳು. "ನಗಿಸ್ಬೇಡಿ ಅಕ್ಕಾ, ನೋಯ್ತದೆ. ಕಲಗಚ್ಚು ಕುಡೀದಿರೋ ಎಮ್ಮೆ ಎಲ್ಲಾದ್ರೂ ಹಾಲು ಕೊಡ್ತದಾ? ಕರು ಬಿಡದೆ ಕೆಚ್ಚಲು ಸೊರೆ ಬಿಡ್ತದಾ?"

ನರ್ಸಮ್ಮ ಗದರಿದ್ದು ತಾಗಿರಲಿಲ್ಲ, ಇದು ತಾಗಿತು. ಹಸು ಕರೆದು ಬೆಳೆದವಳಿಗೆ ಜವಳಿ ಅಂಗಡಿಯವಳು ಎಮ್ಮೆಯ ಪಾಠ ಹೇಳುವುದೇ!

"ಆ ಚೊಂಬು ಕೊಡು ಇತ್ಲಾಗೆ."

"ಎತ್ತಿ ಕುಡೀರಿ, ಕಚ್ಚಬೇಡಿ. ನಮ್ಮವ್ವ ನೋಡಿದ್ರೆ ಚೊಂಬಿನ ಜತೆ ನನ್ನನ್ನೂ ಹುಣಸೆಹಣ್ಣು ಹಾಕಿ ಉಜ್ಜತಾಳೆ."

ಮುನಿಲಕ್ಷ್ಮಮ್ಮ ಚೊಂಬು ಬರಿದು ಮಾಡಿದಳು. ಮಗುವನ್ನು ಎದೆಗೆ ಹಾಕಿಕೊಂಡಳು. ಅತ್ತೆ ಬಂದು, "ಸೀತ ಆಗಿ ಸಾಯ್ತೀಯ ಕಣೇ!" ಎಂದು ಬಡಿದುಕೊಂಡರೆ, "ಅವಳಿಗಾಗ್ದಿರೋ ಸೀತ ನಂಗ್ಯಾಕ್ ಆಯ್ತದೆ ಅತ್ತೆ?" ಎಂದಳು. ಅತ್ತೆಗೆ ಅವಳು ಎದುರಾಡಿದ್ದು ಅದೇ ಮೊದಲು.

ಮಾರನೆಯ ದಿನ ಅವಳ ರವಿಕೆಯೂ ನೆನೆಯಿತು. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ. ಆಚೆ ಒಂದು ಚೊಂಬು ಎತ್ತಿದರೆ ಈಚೆಯೂ ಒಂದು ಚೊಂಬು.

ಮನೆಗೆ ಕಳಿಸುವ ದಿನ ಇಬ್ಬರ ಮಕ್ಕಳನ್ನೂ ತಕ್ಕಡಿಯಲ್ಲಿಟ್ಟು ತೂಗಿದರು. ಮೀನಾಕ್ಷಮ್ಮನ ಮಗು ಒಂದು ಕೂದಲೆಳೆಯಷ್ಟು ಹೆಚ್ಚು ತೂಗಿತು. ಮುನಿಲಕ್ಷ್ಮಮ್ಮ ಗಾಡಿ ಹತ್ತಿದಳು. ಕೋಣನಕುಂಟೆ ಕಾಣುವ ಹೊತ್ತಿಗೆ ಬೈರಣ್ಣನ ಬೆನ್ನು ತಿವಿದಳು.

"ಇಲ್ಲಿ ಕೇಳಿ. ತೂಗೋವಾಗ ಅವಳ ಮಗ ಸ್ವೆಟರ್ ಹಾಕ್ಕೊಂಡಿದ್ದ ಕಣ್ರೀ. ಟೋಪಿ ಬೇರೆ."