ಎರಡು ತುದಿಯಿಂದ ಕೊರೆದ ಕಾವು

ಕಳೆದ ಶನಿವಾರ ಅಡಿಲೇಡ್‌ನ ನಮ್ಮ ಮನೆಯಲ್ಲಿ ಪುಸ್ತಕದ ಹಲಗೆಗೆ ತೂತು ಕೊರೆಯುತ್ತಿದ್ದೆ. ಹಳೆಯ ಜಾರಾ, ಇಲ್ಲಿನ ಕೆಂಪು ಮರ, ಬಹಳ ಗಟ್ಟಿ. ಡ್ರಿಲ್ ಬಿಸಿಯಾಗಿ ಸುಟ್ಟ ಮರದ ವಾಸನೆ ಎದ್ದಿತು. ಕೈ ತಾನಾಗಿ ನಿಂತಿತು. ಇಲ್ಲಿಗೆ ಬರುವ ಮೊದಲು ನಾನಿದ್ದ ಪರ್ತ್‌ನ ಮೋರ್ಲಿಯಲ್ಲಿ, ಪಕ್ಕದ ಮನೆಯ ಅಂಕಲ್ ಗ್ಯಾರೇಜಿನಲ್ಲಿ ಇದೇ ವಾಸನೆ ಇರುತ್ತಿತ್ತು...

ಅವರು ಮೈಸೂರಿನವರು. ಗಣಿ ಎಂಜಿನಿಯರ್ ಆಗಿ ನೆಲದಡಿ ಸುರಂಗ ತೋಡಿಸುತ್ತಲೇ ಆಯುಷ್ಯ ಕಳೆದಿದ್ದರು. ನಾನು ಕಂಡಾಗ ನಿವೃತ್ತರಾಗಿದ್ದರು. ಶ್ವಾಸಕೋಶ ಗಟ್ಟಿಯಾಗುತ್ತ ಬಂದಿತ್ತು. ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಅಂಥವರು ಆ ವರ್ಷ ಪೈಪ್ ಟೊಮಾಹಾಕ್ ಮಾಡಲು ಕೂತರು. ಅದು ಉತ್ತರ ಅಮೆರಿಕದ ಮೂಲನಿವಾಸಿಗಳ ಬಳಕೆಯಲ್ಲಿದ್ದ ಕೈಗೊಡಲಿ. ಒಂದು ಕಡೆ ಅಲಗು, ಇನ್ನೊಂದು ಕಡೆ ಹೊಗೆಸೊಪ್ಪು ತುಂಬುವ ಪುಟ್ಟ ಬಟ್ಟಲು. ಮರದ ಹಿಡಿ, ಅಂದರೆ ಕಾವು, ಉದ್ದಕ್ಕೂ ಟೊಳ್ಳು, ಅದೇ ಹೊಗೆಯ ಕೊಳವೆ. ಎಂದೋ ಒಂದು ಮ್ಯೂಸಿಯಮ್ಮಿನಲ್ಲಿ ನೋಡಿದ್ದರಂತೆ.

"ಜಗಳಕ್ಕೂ ರಾಜಿಗೂ ಒಂದೇ ಸಾಮಾನು. ಯಾರ ತಲೇಗೆ ಹೊಳೀತೋ!" ಎನ್ನುತ್ತಿದ್ದರು.

ಆಂಟಿಗೆ ಅದು ಹಿಡಿಸಿರಲಿಲ್ಲ. "ಸಿಗರೇಟ್ ಬಿಡಿಸೋಷ್ಟರಲ್ಲಿ ನನಗೆ ತಲೆ ನೆರೀತು. ಈಗ ನೋಡು, ಕೊಡಲಿ ನೆಪದಲ್ಲಿ ಪೈಪು!"

"ಸೇದಲ್ಲ ಕಣೆ. ಒಂದೇ ಒಂದ್ಸಲ ಊದ್ತೀನಿ. ನನ್ನ ಉಸಿರು ಈ ತುದಿಯಿಂದ ಆ ತುದಿಗೆ ಹೋದ್ರೆ ಸಾಕು. ಆಯುಧ ಪೂಜೆಗಾದ್ರೂ ಇಡ್ತೀಯಲ್ಲ?"

"ಅಲಗಿಗೆ ಕುಂಕುಮ ಇಡ್ತೀನಿ. ಪೈಪಿನ ಕಡೆಗೆ ಇಡಲ್ಲ."

ಒಂದು ತುದಿ ಉಂಡೆ, ಇನ್ನೊಂದು ಚಪ್ಪಟೆಯಾಗಿದ್ದ ಹಳೆಯ ಸುತ್ತಿಗೆಯೊಂದನ್ನು ಕೆಂಪಗೆ ಕಾಯಿಸಿ ಬಡಿದರು. ನಾಲ್ಕು ಪೆಟ್ಟು, ಆಮೇಲೆ ಸ್ಟೂಲಿನ ಮೇಲೆ ಕೂತು ಉಸಿರು, ಮತ್ತೆ ನಾಲ್ಕು ಪೆಟ್ಟು. ಚಪ್ಪಟೆ ತುದಿ ವಾರಗಳ ಮೇಲೆ ಅಲಗಾಯಿತು. ಉಂಡೆ ತೋಡಿಸಿಕೊಂಡು ಬಟ್ಟಲಾಯಿತು. ಮೇಲಿನ ಚಿತ್ತಾರಕ್ಕೆ ಆ ಮೂಲನಿವಾಸಿಗಳ ಗುರುತುಗಳನ್ನು ಮುಟ್ಟಲಿಲ್ಲ. ಅದು ಅವರದು, ಎಂದರು. ಆಂಟಿ ಹೊಸಿಲ ಮುಂದೆ ಹಾಕುತ್ತಿದ್ದ ರಂಗೋಲಿಯ ಬಳ್ಳಿಯನ್ನೇ ಅಲಗಿನ ಮೇಲೆ ಕೊರೆದು, ಮಗಳ ಬಾಲ್ಯದ ಕಾಲ್ಗೆಜ್ಜೆ ಕರಗಿಸಿ ಎಳೆದ ಬೆಳ್ಳಿ ತಂತಿಯನ್ನು ಗೆರೆಯೊಳಗೆ ಕೂರಿಸಿದರು. ಆಂಟಿ ಬಗ್ಗಿ ನೋಡಿ, "ಇಲ್ಲೊಂದು ಚುಕ್ಕಿ ಬಿಟ್ಟಿದೀರಿ," ಎಂದು ಒಳಗೆ ಹೋದರು.

ಉಳಿದದ್ದು ಕಾವು, ಇದೇ ಜಾರಾ ಮರದ್ದು. ತೂತು ಕೊರೆಯುವ ಅಷ್ಟು ಉದ್ದದ ಬೈರಿಗೆ ಒಂದೇ ಕಡೆಯಿಂದ ಹೋದರೆ ದಾರಿ ತಪ್ಪಿ ಪಕ್ಕಕ್ಕೆ ಹೊರಬರುತ್ತದೆ. ಅವರು ಗಣಿಯ ಕ್ರಮವನ್ನೇ ಹಿಡಿದರು: ಎರಡೂ ತುದಿಯಿಂದ ಕೊರೆದು ನಡುವೆ ಕೂಡಿಸುವುದು. ಸ್ವಲ್ಪ ಕೊರೆದು, ಮರವನ್ನು ತಿರುಗಿಸಿ, ಕಣ್ಣಳತೆ ನೋಡಿ, ಮತ್ತೆ ಸ್ವಲ್ಪ. ಸುಟ್ಟ ಮರದ ಹೊಗೆಗೆ ಕೆಮ್ಮು ಬರುತ್ತಿತ್ತು. ನಾನು ಮಾಡ್ಲಾ ಎಂದರೆ ಕೈಯಲ್ಲೇ ಬೇಡ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಬೈರಿಗೆ ತಟ್ಟನೆ ಹಗುರಾಯಿತು. ಎರಡು ತೂತುಗಳು ಕೂಡಿದವೋ, ಅಕ್ಕಪಕ್ಕದಲ್ಲಿ ಹಾದುಹೋದವೋ ನೋಡಲು ಬರುವಂತಿರಲಿಲ್ಲ. ಕಾವನ್ನು ಕೊಡಲಿಯ ತಲೆಗೆ ಕೂರಿಸಿ, ಉಸಿರು ಬಟ್ಟಲಿಗೇ ಹೋಗುವಂತೆ ಮೇಲಿನ ತುದಿಗೆ ಬೆಣೆ ಹೊಡೆದು ಮುಚ್ಚಿ, ಇನ್ನೊಂದು ತುದಿಯನ್ನು ತುಟಿಗಿಟ್ಟರು. ಆಂಟಿ ಯಾವಾಗ ಬಂದಿದ್ದರೋ, ಬಟ್ಟಲಿನ ಬಾಯಿಗೆ ಅಂಗೈ ಒಡ್ಡಿದರು. ಅಂಕಲ್ ಊದಿದರು. ಏನೂ ಬರಲಿಲ್ಲ. ಕೆಮ್ಮಿದರು, ಗೋಡೆಗೆ ಒರಗಿದರು. ಮುಖ ನೀಲಿಗಟ್ಟಿತ್ತು.

"ಸಾಕು ಬಿಡ್ರೀ," ಎಂದರು ಆಂಟಿ. ಆದರೆ ಕೈ ತೆಗೆಯಲಿಲ್ಲ.

ಅವರು ಬಹಳ ಹೊತ್ತು ಸುಧಾರಿಸಿಕೊಂಡು ಇನ್ನೊಮ್ಮೆ ಊದಿದರು. ಆಂಟಿಯ ಅಂಗೈ ಮೇಲೆ ಚಿಟಿಕೆಯಷ್ಟು ಕೆಂಪು ಮರದ ಪುಡಿ ಬಂದು ಬಿತ್ತು.

"ಬಂತು ಕಣ್ರೀ," ಎಂದರು ಆಂಟಿ. "ಬೆಚ್ಚಗಿದೆ."

ಮುಂದಿನ ಚಳಿಗಾಲ ಅಂಕಲ್ ದಾಟಲಿಲ್ಲ.

ಪರ್ತ್ ಬಿಡುವ ಹಿಂದಿನ ದಿನ ಹೇಳಿಬರಲು ಹೋದೆ. ಟೊಮಾಹಾಕ್ ದೇವರ ಕಪಾಟಿನಲ್ಲಿತ್ತು. ಅಲಗಿನ ಮೇಲೂ ಕುಂಕುಮ, ಬಟ್ಟಲಿನ ಮೇಲೂ ಕುಂಕುಮ. ಆಂಟಿಯೇ ತೆಗೆದು ಕೈಗೆ ಕೊಟ್ಟರು. ಯೋಚಿಸದೆ ಕಾವಿನ ತುದಿಯನ್ನು ಬಾಯಿಯ ಹತ್ತಿರ ತಂದಿದ್ದೆ. ಅವರ ಕೈ ಬಂದು ಬಟ್ಟಲನ್ನು ಮುಚ್ಚಿತು.

"ಊದ್ಬೇಡ ಕಣೋ. ಒಳಗಿರೋದು ಹಾಗೇ ಇರ್ಲಿ."

ಆಂಟಿಯೂ ಈಗಿಲ್ಲ. ಅದು ಮಗಳ ಮನೆಯಲ್ಲಿದೆಯೆಂದು ಕೇಳಿದ್ದೇನೆ...

ಹಲಗೆಯ ತೂತು ಕೊರೆದು ಮುಗಿಯಿತು. ಒಳಗಿನ ಕೆಂಪು ಪುಡಿಯನ್ನು ಊದಿ ತೆಗೆಯಲು ಬಗ್ಗಿದೆ. ಆಗಲಿಲ್ಲ. ಹಲಗೆಯನ್ನು ಬೋರಲು ಮಾಡಿ ಮೆಲ್ಲಗೆ ತಟ್ಟಿದೆ.