ಸೀರೆ ಕೊಡಲು ತವರಿಗೆ ಹೋದೆ

ಬೀರು ಖಾಲಿ ಮಾಡಲು ಹೊರಟಿರುವ ಗೆಳತಿಯರೇ, ಆ ಸೀರೆಗಳನ್ನು ತವರಿಗೆ ಮಾತ್ರ ಒಯ್ಯಬೇಡಿ. ನಾನು ಇವತ್ತು ಒಯ್ದೆ.

ದಾವಣಗೆರೆಯ ನಮ್ಮ ಮನೆಯ ಬೀರುವಿನ ಬಾಗಿಲು ಹಾಕಬೇಕೆಂದರೆ ಮೊಣಕಾಲು ಕೊಟ್ಟು ಒತ್ತಬೇಕು. ಒಳಗಿರುವುದೆಲ್ಲ ನನ್ನ ಸೀರೆಗಳೇ, ಎಲ್ಲವೂ ಇಷ್ಟದವೇ. ನಮ್ಮವರ ಅಂಗಿಗಳು ಕೋಣೆ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತವೆ. “ನಂಗೂ ಒಂದು ಖಾನೆ ಬಿಟ್ಕೊಡೇ” ಎಂದು ಕೇಳಿ ಕೇಳಿ ಸೋತಿದ್ದರು. ಇವತ್ತು ಮನಸ್ಸು ಗಟ್ಟಿ ಮಾಡಿ ಒಂದು ಚೀಲ ಸೀರೆ ತುಂಬಿ, ಹರಿಹರದ ಅಣ್ಣನ ಮನೆಗೆ ಹೋಗಿ ಅತ್ತಿಗೆಗೆ ಕೊಟ್ಟು ಬರೋಣ ಎಂದೆ. ನಮ್ಮವರು ಚಹಾ ಕೂಡ ಕುಡಿಯದೆ ಸ್ಕೂಟರ್ ಹೊರತೆಗೆದರು.

ಅತ್ತಿಗೆ ಒಂದೊಂದೇ ಸೀರೆ ಬಿಡಿಸಿ ನೋಡಿ ಹಿಗ್ಗಿದರು. ನಾವು ಹೊರಟು ನಿಂತಾಗ ಕುಂಕುಮದ ಬಟ್ಟಲು ತಂದರು.

“ತವರಿಗೆ ಬಂದ ಹೆಣ್ಮಗಳನ್ನ ಉಡಿ ತುಂಬದೆ ಹೆಂಗೆ ಕಳಿಸ್ಲಿ? ಕೂಡು.”

ಅಕ್ಕಿ, ಕಾಯಿ, ಕುಪ್ಪಸದ ಖಣ, ಒಂದು ಹೊಸ ಸೀರೆ. ಅಲ್ಲಿಗೆ ನಿಲ್ಲಲಿಲ್ಲ. ತಮ್ಮ ಬೀರು ತೆಗೆದರು.

“ನಂದೂ ತುಂಬಿ ತುಳುಕ್ತಾ ಐತೆ. ಇವೂ ನಿಂಗೆ ಒಪ್ತಾವೆ, ತಗಂಡ್ ಹೋಗು.”

“ಬ್ಯಾಡ ಅತ್ತಿಗೆ” ಎಂದು ಬಾಯಿ ಹೇಳಿತು. ಕೈ ಆಗಲೇ ಜರಿ ಅಂಚು ಸವರುತ್ತಿತ್ತು.

ಸ್ಕೂಟರ್ ಹತ್ತಿರ ನಮ್ಮವರು ಎರಡು ಚೀಲ ನೋಡಿದರು. “ಬರುವಾಗ ಚೀಲ ನನ್ ಕಾಲತ್ರ ಕೂತಿತ್ತು. ಈಗ ನಾನೆಲ್ಲಿ ಕೂಡ್ಲಿ?”

ಮನೆಗೆ ಬಂದವರೇ ಸುತ್ತಿಗೆ ಹುಡುಕಿ, ಬಾಗಿಲ ಹಿಂದೆ ಇನ್ನೊಂದು ಮೊಳೆ ಹೊಡೆದರು.

ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಕಣ್ರೀ.