ಕೈ ಕಾಣುವ ಕಂಪ್ಯೂಟರ್

ನನ್ನ ಅಣ್ಣ ಗಾಜು ಕತ್ತರಿಸುವವನು. ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ, ಹಳೆಯ ಕಂಬಳಿ ಹಾಸಿದ ಅಗಲವಾದ ಮೇಜಿನ ಮುಂದೆ ನಿಂತು, ಮೀಸೆ ಮೂಡುವ ಮೊದಲಿನಿಂದಲೂ ಅದೊಂದೇ ಕೆಲಸ ಮಾಡಿಕೊಂಡು ಬಂದಿದ್ದಾನೆ. ಬೀದಿಯವರೆಲ್ಲ ಅವನನ್ನು ಗಾಜಣ್ಣ ಎನ್ನುತ್ತಾರೆ. ಕರೆದದ್ದು ಅವನಿಗೆ ಕೇಳಿಸುವುದಿಲ್ಲ. ಹುಟ್ಟಿನಿಂದಲೇ ಕಿವಿ ಕೇಳಿಸದು, ಹಾಗಾಗಿ ಬಾಯಿಗೂ ಮಾತು ಬರಲಿಲ್ಲ. ಆದರೆ ಅವನನ್ನು ಮೂಗ ಎಂದವರ ಮೇಲೆ ನನಗೆ ಈಗಲೂ ಕೆಂಡದಂಥ ಕೋಪ. ನಮ್ಮ ಮನೆಯಲ್ಲಿ ಅವನಷ್ಟು ಮಾತಾಡುವವರು ಇನ್ನೊಬ್ಬರಿಲ್ಲ. ಕೈಯಲ್ಲಿ ಮಾತಾಡುತ್ತಾನೆ, ಅಷ್ಟೇ.

ನಾನು ಅವನ ತಂಗಿ. ನನಗೆ ಕಿವಿ ನೆಟ್ಟಗಿದೆ, ನಾಲಿಗೆಯಂತೂ ಬೇಕಾದ್ದಕ್ಕಿಂತ ಹೆಚ್ಚೇ ನೆಟ್ಟಗಿದೆ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ದಿನವಿಡೀ ಜನರೊಂದಿಗೆ ಗಂಟಲು ಹರಿದುಕೊಂಡು ಮನೆಗೆ ಬಂದರೆ, ಇಲ್ಲಿ ಬಾಯಿಗೆ ಕೆಲಸವಿಲ್ಲ. ಅತ್ತಿಗೆಗೂ ಕಿವಿ ಕೇಳಿಸುವುದಿಲ್ಲ, ಅವರ ಒಬ್ಬಳೇ ಮಗಳು ಗುಬ್ಬಿಗೂ ಕೇಳಿಸುವುದಿಲ್ಲ. ನನಗೆ ಬಾಯಿಮಾತಿಗಿಂತ ಮೊದಲು ಕೈಮಾತು ಬಂತೆಂದು ಅಮ್ಮ ಹೇಳುತ್ತಿದ್ದಳು. ಅಣ್ಣ ಹೀಗಂದ, ಗುಬ್ಬಿ ಹಾಗಂದಳು ಎಂದು ಮುಂದೆ ಎಲ್ಲೆಲ್ಲಿ ಬರೆಯುತ್ತೇನೋ ಅದೆಲ್ಲ ಕೈಯಲ್ಲಿ ಆಡಿದ ಮಾತು. ಅದಕ್ಕೆ ಬಾಯಿ ಕೊಟ್ಟವಳು ನಾನು.

ಅಣ್ಣ ಶಾಲೆಗೆ ಹೋದದ್ದು ಕಡಿಮೆ. ಕಿವಿ ಕೇಳದ ಮಕ್ಕಳೂ ತುಟಿ ನೋಡಿಯೇ ಕಲಿಯಬೇಕು, ಬಾಯಲ್ಲೇ ಉತ್ತರ ಹೇಳಬೇಕು ಎಂಬುದು ಆ ಕಾಲದ ಮೇಷ್ಟರ ಹಟ. ಕೈ ಎತ್ತಿದರೆ ಪೆಟ್ಟು. ‘ಕೈ ಕಟ್ಟು, ಬಾಯಿ ಮುಚ್ಚು’ ಎಂದು ಎಲ್ಲ ಶಾಲೆಗಳಲ್ಲೂ ಗದರಿಸುತ್ತಾರೆ. ಬೇರೆ ಮಕ್ಕಳಿಗೆ ಅವು ಎರಡು ಅಪ್ಪಣೆಗಳು, ನನ್ನ ಅಣ್ಣನಿಗೆ ಎರಡೂ ಒಂದೇ. ಲೆಕ್ಕ ಅವನಿಗೆ ಗೊತ್ತಿತ್ತು. ಉತ್ತರವನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದ. ದಡ್ಡ ಎಂದು ಬರೆದು ಮನೆಗೆ ಕಳಿಸಿದರು, ಅಪ್ಪ ಗಾಜಿನ ಕೆಲಸಕ್ಕೆ ಸೇರಿಸಿದರು. ಅಣ್ಣ ಇದನ್ನು ಯಾವತ್ತೂ ಗೋಳಾಡಿಕೊಂಡು ಹೇಳಿದವನಲ್ಲ. ಗುಬ್ಬಿ ಹುಟ್ಟಿ ಅವಳಿಗೂ ಕೇಳಿಸುವುದಿಲ್ಲ ಎಂದು ಗೊತ್ತಾದ ದಿನ ಮಾತ್ರ, "ಇವಳು ಓದ್ತಾಳೆ," ಎಂದು ಗೋಡೆ ನೋಡಿಕೊಂಡು ಅಂದ.

ಗುಬ್ಬಿ ಓದಿದಳು. ನಮ್ಮೂರಲ್ಲಿ ಇಂಥ ಮಕ್ಕಳಿಗೆ ಈಗ ಒಳ್ಳೆಯ ಶಾಲೆಯಿದೆ, ಪಾಠ ಕೈಮಾತಿನಲ್ಲೇ ನಡೆಯುತ್ತದೆ. ಆದರೆ ತರಗತಿಗಳು ಅರ್ಧದವರೆಗೆ ಮಾತ್ರ. ಮುಂದೆ ಓದಬೇಕೆಂದರೆ ದೂರದ ಊರಿನ ದೊಡ್ಡ ಶಾಲೆಯಲ್ಲಿ ಸೀಟು ಸಿಗಬೇಕು. ಆ ಶಾಲೆಯವರು ವರ್ಷವಿಡೀ ಕಂಪ್ಯೂಟರಿನಲ್ಲಿ ಗಣಿತದ ಪಾಠ ಮಾಡಿ, ಕೊನೆಗೆ ಅದರಲ್ಲೇ ಕೈಮಾತಿನ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸುತ್ತಾರೆ. ನಮ್ಮ ಮನೆಯ ಕಂಪ್ಯೂಟರ್ ಎಂದರೆ ನನ್ನ ಕೌಂಟರಿನಲ್ಲಿ ಬೆವರು ಸುರಿಸಿ ನಿವೃತ್ತಿಯಾದ ಮುದುಕ. ಹಳೆಯ ಯಂತ್ರಗಳನ್ನು ವಿಲೇವಾರಿ ಮಾಡಿದಾಗ ತಂದಿದ್ದೆ, ಅದರ ನೆತ್ತಿಗೆ ಬಟಾಣಿ ಕಾಳಿನಷ್ಟು ಕಣ್ಣಿನ ಕ್ಯಾಮೆರಾ ಸಿಕ್ಕಿಸಿದ್ದೆ.

ಆ ಶಾಲೆಯ ಪೂರ್ವಭಾವಿ ಪರೀಕ್ಷೆಯ ಫಲಿತಾಂಶ ಬಂದಾಗ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ‘ಸರಳ ಲೆಕ್ಕಗಳಲ್ಲೂ ತಪ್ಪುತ್ತಾಳೆ, ಮುಂದಿನ ತರಗತಿಗೆ ಸಿದ್ಧಳಾಗಿಲ್ಲ’ ಎಂದಿತ್ತು. ಕೊನೆಯ ಪರೀಕ್ಷೆಗೆ ಉಳಿದಿದ್ದದ್ದು ಒಂದೇ ತಿಂಗಳು. ಅದರಲ್ಲೂ ಹೀಗಾದರೆ ಗುಬ್ಬಿಯ ಓದು ಅಲ್ಲಿಗೇ ನಿಂತಂತೆ. ಗುಬ್ಬಿ ಅಳುತ್ತಾ, "ನಾನು ಎಂಟು ಅಂದೆ, ಅವರು ಏಳು ಅಂತ ಬರ್ಕೊಂಡ್ರು," ಎಂದಳು. ಮಕ್ಕಳು ಹಾಗೇ ಹೇಳುವುದು ಎಂದುಕೊಂಡೆ. ಅಣ್ಣ ಹಾಗಂದುಕೊಳ್ಳಲಿಲ್ಲ. ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಅದೇ ಲೆಕ್ಕ ಹೇಳಿಸಿ, ಪರದೆಯ ಮೂಲೆಯಲ್ಲಿ ಕಾಣುವ ಅವಳದೇ ಚಿತ್ರವನ್ನು ನೋಡುತ್ತಾ ನಿಂತ. ನಮ್ಮ ಕೈಮಾತಿನಲ್ಲಿ ಏಳಕ್ಕೂ ಎಂಟಕ್ಕೂ ಒಂದು ಬೆರಳಿನ ವ್ಯತ್ಯಾಸ. ಪರದೆಯಲ್ಲಿ ಬೆರಳುಗಳೇ ಇರಲಿಲ್ಲ. ಒದ್ದೆ ಕೈ ತಾಗಿದ ಶಾಯಿಯ ಹಾಗೆ ಏನೋ ಒಂದು ಕಲಸಿಕೊಂಡು ಅತ್ತಿತ್ತ ಹೊರಳಾಡುತ್ತಿತ್ತು.

ಅಣ್ಣ ಪರದೆಗೆ ಬೆರಳು ತೋರಿಸಿ, "ಇವಳ ಕೈನೂ ಕಟ್ಟಿಬಿಟ್ರು," ಎಂದ.

ಹೊಸ ಕಂಪ್ಯೂಟರ್ ಕೊಳ್ಳುವವರಿಗೆಂದು ದೊಡ್ಡ ಶಾಲೆ ಒಂದು ಚೀಟಿ ಕಳಿಸಿತ್ತು. ಪ್ರೊಸೆಸರ್ ಇಂಥದ್ದಿರಲಿ, ರ‍್ಯಾಮ್ ಇಷ್ಟಿರಲಿ, ಡಿಸ್ಕ್ ಇಷ್ಟಿರಲಿ, ಒಳ್ಳೆಯ ಸ್ಪೀಕರ್ ಇರಲಿ, ಮೈಕ್ ಸಹಿತ ಹೆಡ್‌ಫೋನ್ ಕಡ್ಡಾಯ. ಎಲ್ಲ ಶಾಲೆಗಳಿಗೆಂದು ಯಾರೋ ಬರೆದದ್ದನ್ನು ಇವರು ಕಣ್ಣುಮುಚ್ಚಿ ನಕಲು ಮಾಡಿದ್ದರು. ಕ್ಯಾಮೆರಾ ಬಗ್ಗೆ ಕೊನೆಯಲ್ಲಿ ಒಂದೇ ಪದ, ‘ಇರಬೇಕು’. ಕಿವಿ ಕೇಳದ ಮಕ್ಕಳಿಗೆ ಹೆಡ್‌ಫೋನ್ ಕಡ್ಡಾಯ ಮಾಡಿದ ಪುಣ್ಯಾತ್ಮರು ಯಾರೋ, ನನ್ನ ಕೌಂಟರಿಗೆ ಟಿಕೆಟ್ ಕೇಳಲು ಬಂದರೆ ಅವರನ್ನು ಸರಿಯಾಗಿ ವಿಚಾರಿಸಿಕೊಳ್ಳಬೇಕೆಂದಿದ್ದೇನೆ. ಅಣ್ಣ ಬೈಯಲಿಲ್ಲ. ಚೀಟಿಯ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದ. "ಇದು ಇವಳ ಕೈಗೆ ಏನ್ ಮಾಡುತ್ತೆ?" ದಿನವೂ ಕಂಪ್ಯೂಟರ್ ಕುಟ್ಟುವವಳು ನಾನು, ಆದರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ಒಂದು ದಿನವೂ ಯೋಚಿಸಿದವಳಲ್ಲ.

ಆ ಭಾನುವಾರ ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದೆವು. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಯಜಮಾನರು, ಶಾಲೆಗೆ ಎಂದ ಕೂಡಲೇ ಮಿರಿಮಿರಿ ಮಿಂಚುವ ಒಂದನ್ನು ಮೇಜಿನ ಮೇಲಿಟ್ಟರು. "ಇದರ ಸ್ಪೀಕರ್ ಕೇಳಿ ಮೇಡಂ, ಎದೆ ನಡುಗಬೇಕು," ಎಂದು ಹಾಡು ಹಾಕಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರಲ್ಲ, ಗಾದೆಯಲ್ಲಿ ಕೋಣ ಇದೆ, ಇಲ್ಲಿ ನನ್ನ ಅಣ್ಣ ಇದ್ದ. ಅವನು ಮೇಜಿನ ಮೇಲೆ ಅಂಗೈಯಿಟ್ಟು, ನಡುಕ ಪರೀಕ್ಷಿಸಿ, ಗಂಭೀರವಾಗಿ ತಲೆಯಾಡಿಸಿದ.

"ಎದೆ ನಡುಗೋದು ಬೇಡ," ಎಂದೆ ನಾನು. "ಅವನಿಗೂ ಕೇಳ್ಸಲ್ಲ, ಓದೋ ಹುಡುಗಿಗೂ ಕೇಳ್ಸಲ್ಲ. ಅವಳ ಕೈ ಆ ಕಡೆಯವರಿಗೆ ಕಾಣಬೇಕು. ಅದಕ್ಕೆ ಯಾವುದು ಬೇಕು ಹೇಳಿ."

ಯಜಮಾನರ ಮುಖ ಕೆಂಪಾಯಿತು. ಹಾಡು ನಿಲ್ಲಿಸಿ, ಕನ್ನಡಕವನ್ನು ಕಣ್ಣಿಗಿಳಿಸಿಕೊಂಡು, ಸ್ಟೂಲ್ ಎಳೆದು ಅಣ್ಣನ ಎದುರಿಗೇ ಕೂತರು. ಮನುಷ್ಯ ಕೆಟ್ಟವರಲ್ಲ, ಬಾಯಿಪಾಠದ ಮಾತು ಬಿಟ್ಟ ಮೇಲೆ ಚೆನ್ನಾಗಿಯೇ ಹೇಳಿಕೊಟ್ಟರು. ಅಣ್ಣ ಚೀಟಿಯ ಸಾಲು ತೋರಿಸುವುದು, ಅವರು ಉತ್ತರ ಹೇಳುವುದು, ನಾನು ಅದನ್ನು ಕೈಗೆ ಇಳಿಸುವುದು.

"ಪ್ರೊಸೆಸರ್ ನೋಡಿ, ಕ್ಯಾಮೆರಾ ಕಂಡಿದ್ದನ್ನ ಆ ಕ್ಷಣಕ್ಕೇ ಅಡಕ ಮಾಡಿ ಆ ಕಡೆ ಕಳಿಸುತ್ತೆ. ಇದು ನಿಧಾನ ಆದ್ರೆ ಕೈ ತಡೆದು ತಡೆದು ಕಾಣುತ್ತೆ. ಮಧ್ಯಮದ್ದಾದ್ರೂ ಬೇಕು."

"ರ‍್ಯಾಮ್?"

"ಪುಸ್ತಕ, ಬರೆಯೋ ಹಾಳೆ, ಮೇಷ್ಟ್ರ ಮುಖ, ಎಲ್ಲಾ ಒಟ್ಟಿಗೆ ತೆರೆದಿರುತ್ತಲ್ಲ, ಅದಕ್ಕೆ. ನಾಲ್ಕು ಜಿಬಿ ಸಾಲಲ್ಲ, ಉಸಿರು ಕಟ್ಟುತ್ತೆ. ಎಂಟು ಇರ್ಲಿ. ಹದಿನಾರು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ನಾನೇ ಹೇಳಿದ್ರೂ."

ಡಿಸ್ಕಿನಿಂದ ಕೈಗೆ ಏನೂ ಆಗಬೇಕಾದ್ದಿಲ್ಲ, ಯಂತ್ರ ಬೇಗ ಏಳಲು ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ತಗೊಳ್ಳಿ, ಚಿಕ್ಕದೇ ಸಾಕು ಎಂದರು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಆಟ ಆಡುವವರಿಗೆ. ಪರದೆ ಮಾತ್ರ ಚಿಕ್ಕದಾಗಬಾರದು, ಮೇಷ್ಟರ ಬೆರಳು ಅವಳಿಗೂ ಕಾಣಬೇಕಲ್ಲ. ಇಷ್ಟೆಲ್ಲ ಆದ ಮೇಲೆ ಅಣ್ಣ ಕೊನೆಯ ಪದದ ಮೇಲೆ ಬೆರಳಿಟ್ಟ.

"ಕ್ಯಾಮೆರಾನಾ? ಅದು ಎಲ್ಲಾದ್ರಲ್ಲೂ ಇರುತ್ತೆ."

"ಎಲ್ಲಾದ್ರಲ್ಲೂ ಒಂದೇ ಥರ ಇರುತ್ತಾ ಅಂತ ಕೇಳ್ತಿದ್ದಾನೆ."

ಇಷ್ಟು ವರ್ಷದಲ್ಲಿ ಯಜಮಾನರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ. ಎದ್ದು ಹೋಗಿ ಡಬ್ಬಗಳನ್ನು ತಿರುವಿ ಓದಿ, "ಎಲ್ಲದಕ್ಕೂ ಸೆಕೆಂಡಿಗೆ ಮೂವತ್ತು ಚಿತ್ರ ಅಂತಲೇ ಇದೆ," ಎಂದರು. ಅಣ್ಣ ಮೂರು ಕಂಪ್ಯೂಟರ್‌ಗಳನ್ನು ಸಾಲಾಗಿ ಇಡಿಸಿ, ಕ್ಯಾಮೆರಾ ಹಾಕಿಸಿ, ಒಂದೊಂದರ ಮುಂದೆಯೂ ನಿಂತು ಆರು, ಏಳು, ಎಂಟು, ಒಂಬತ್ತು ಎಂದು ಗುಬ್ಬಿಯ ವೇಗದಲ್ಲೇ ಹೇಳಿದ. ಅಂಗಡಿಗೆ ಬಂದ ಗಿರಾಕಿಗಳು ನಿಂತು ನೋಡತೊಡಗಿದರು. ಮೂರರಲ್ಲೂ ಏಳು ಎಂಟರ ಮೇಲೆ ಬಿದ್ದು ಕಲಸಿಹೋಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ, ದುಬಾರಿಯದೂ ಅಷ್ಟೇ.

ಯಜಮಾನರು ಮತ್ತೆ ಡಬ್ಬ ನೋಡಿದರು. ಅಲ್ಲಿ ಮೂವತ್ತು ಮೂವತ್ತಾಗಿಯೇ ಇತ್ತು. ಅಣ್ಣ ತಲೆಯೆತ್ತಿ ಮಂಕಾಗಿ ಉರಿಯುತ್ತಿದ್ದ ಟ್ಯೂಬ್‌ಲೈಟ್ ನೋಡಿದ. ಒಂದನ್ನು ಎತ್ತಿಕೊಂಡು ಬಾಗಿಲ ಬಳಿಗೆ ಹೋಗಿ, ಮುಖಕ್ಕೆ ಬಿಸಿಲ ಬೆಳಕು ಬೀಳುವಂತೆ ನಿಂತು ಮತ್ತೆ ಎಣಿಸಿದ. ಈ ಸಲ ಬೆರಳುಗಳು ಹೆಚ್ಚುಕಡಿಮೆ ಬಿಡಿಬಿಡಿಯಾಗಿ ಕಂಡವು.

"ಹೌದಲ್ಲ," ಎಂದರು ಯಜಮಾನರು. "ಬೆಳಕು ಕಮ್ಮಿ ಇದ್ರೆ ಇದು ಒಂದೊಂದು ಚಿತ್ರಕ್ಕೂ ಜಾಸ್ತಿ ಹೊತ್ತು ಕಣ್ಣು ಬಿಟ್ಕೊಂಡಿರುತ್ತೆ. ಅಷ್ಟರಲ್ಲಿ ಬೆರಳು ಸರಿದುಹೋಗಿರುತ್ತೆ. ಈ ಮೂವತ್ತು ಒಳ್ಳೆ ಬೆಳಕಿಗೆ ಬರೆದ ಮೂವತ್ತು."

ಆಮೇಲೆ ಏಣಿ ಹತ್ತಿ ಮೇಲಿನ ಕಪಾಟಿನಿಂದ ಬಿಡಿ ಕ್ಯಾಮೆರಾವೊಂದನ್ನು ಧೂಳು ಒರೆಸುತ್ತಾ ಇಳಿಸಿದರು. ಕಣ್ಣು ದೊಡ್ಡದು, ಸೆಕೆಂಡಿಗೆ ಅರವತ್ತು ಚಿತ್ರ. ಅದೇ ಬಾಗಿಲ ಬೆಳಕಿನಲ್ಲಿ ಅದನ್ನು ಸಿಕ್ಕಿಸಿ ಅಣ್ಣ ಎಣಿಸಿದಾಗ ಏಳು ಏಳಾಗಿ ಬಂತು, ಎಂಟು ಎಂಟಾಗಿ ಬಂತು. ಗಿರಾಕಿಗಳಲ್ಲಿ ಒಬ್ಬಾಕೆ, "ಈಗ ಕಂಡಿತು," ಎಂದು ತಾನೇ ಕೊಂಡವಳಂತೆ ಸಂತೋಷಪಟ್ಟಳು. ಸಾಧಾರಣ ಕಂಪ್ಯೂಟರ್, ಎಂಟು ಜಿಬಿ, ಚಿಕ್ಕ ಡಿಸ್ಕ್, ಮೇಲೆ ಈ ಕ್ಯಾಮೆರಾ. ಎಲ್ಲ ಸೇರಿಯೂ ಮೊದಲು ಮಿಂಚಿದ್ದರ ಬೆಲೆ ಮುಟ್ಟಲಿಲ್ಲ.

ಕಟ್ಟಿಕೊಡುವಾಗ ಯಜಮಾನರು ಸಂಕೋಚದಿಂದ, "ಹೆಡ್‌ಫೋನ್ ಬೇಡ ಅಲ್ವಾ?" ಎಂದರು. ಬೇಡ ಎನ್ನಲು ನಾನು ಬಾಯಿ ತೆರೆದಿದ್ದೆ. ಅಣ್ಣ ನನ್ನ ಭುಜ ತಟ್ಟಿದ.

"ತಗೋ. ಕಡ್ಡಾಯ ಅಂತ ಬರ್ದಿದ್ದಾರೆ. ಅದೊಂದು ಇಲ್ಲ ಅಂತ ಮಗೂನ ವಾಪಸ್ ಕಳಿಸಿದ್ರೆ?"

ಒಮ್ಮೆ ಹೊರಗೆ ಹಾಕಿಸಿಕೊಂಡವನು, ಬಾಗಿಲು ಮುಚ್ಚಲು ಇನ್ನೊಬ್ಬರಿಗೆ ಸಾಸಿವೆಯಷ್ಟು ನೆಪವನ್ನೂ ಕೊಡಲಾರ. ಹೆಡ್‌ಫೋನ್ ತಗೊಂಡೆವು. ಅದರ ಡಬ್ಬವನ್ನು ನಾವು ಇವತ್ತಿಗೂ ಒಡೆದಿಲ್ಲ.

ಮನೆಯಲ್ಲಿ ಅಣ್ಣ ಮೇಜನ್ನು ಕಿಟಕಿಗೆ ಎದುರಾಗಿ ತಿರುಗಿಸಿದ. ಅತ್ತಿಗೆ ಹಿಂದಿನ ಗೋಡೆಗೆ ಕಡುನೀಲಿ ಹೊದಿಕೆಯೊಂದನ್ನು ಮೊಳೆ ಹೊಡೆದು ಇಳಿಬಿಟ್ಟರು, ಬಿಳಿ ಗೋಡೆಯ ಮುಂದೆ ಕೈ ಎದ್ದು ಕಾಣುವುದಿಲ್ಲವೆಂದು. ಅಣ್ಣ ನನ್ನ ಫೋನ್ ಹಿಡಿದು ಬೀದಿಯ ಕೊನೆಯವರೆಗೆ ಹೋಗಿ, ಅಲ್ಲಿಂದ ವಿಡಿಯೊ ಕರೆಯಲ್ಲಿ ಗುಬ್ಬಿಗೆ ಲೆಕ್ಕ ಕೇಳಿ, ಅವಳ ಉತ್ತರ ನೋಡಿ ಬರುತ್ತಿದ್ದ. ತಿಂಗಳಿಡೀ ಅದೇ ಕೆಲಸ. ಬೀದಿಯವರು ಗಾಜಣ್ಣನಿಗೆ ಏನೋ ಆಗಿದೆ ಎಂದರು. ಆಗಲಿ ಬಿಡಿ ಎಂದೆ.

ಪರೀಕ್ಷೆಯ ಬೆಳಿಗ್ಗೆ ನಾನು ರಜೆ ಹಾಕಿದ್ದೆ. ಪರದೆಯಲ್ಲಿ ಬಂದವರು ನರೆಗೂದಲ ಹೆಂಗಸು. ಅವರಿಗೆ ಕಿವಿ ಕೇಳುತ್ತದೆ, ಕೈಮಾತೂ ಚೆನ್ನಾಗಿ ಬರುತ್ತದೆ. ಗುಬ್ಬಿ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತಳು. ಅಣ್ಣ, ಅತ್ತಿಗೆ, ನಾನು ಕ್ಯಾಮೆರಾಗೆ ಕಾಣದ ಹಾಗೆ ಪಕ್ಕಕ್ಕೆ, ಆದರೆ ಪರದೆ ನಮಗೆ ಕಾಣುವಂತೆ ನಿಂತೆವು. ಪ್ರಶ್ನೆ ಬಂತು, ಗುಬ್ಬಿಯ ಉತ್ತರ ಹೋಯಿತು. ಮತ್ತೆ ಪ್ರಶ್ನೆ, ಮತ್ತೆ ಉತ್ತರ. ‘ಇನ್ನೊಮ್ಮೆ ಹೇಳು’ ಎಂದು ಅವರು ಒಂದು ಸಲವೂ ಕೇಳಲಿಲ್ಲ. ಅತ್ತಿಗೆ ನನ್ನ ಕೈಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಕೊನೆಗೆ ಆಕೆ ಪೆನ್ನು ಕೆಳಗಿಟ್ಟರು. "ಎಲ್ಲಾ ಸರಿ ಇದೆ. ಮುಂದಿನ ತರಗತಿಗೆ ಇಲ್ಲಿಗೇ ಬಾ," ಎಂದರು. ಅತ್ತಿಗೆ ನನ್ನ ಕೈ ಬಿಟ್ಟರು. ಪರೀಕ್ಷೆ ಮುಗಿಯಿತಲ್ಲ, ಆಕೆ ಬಿಡುವಾಗಿ, "ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ?" ಎಂದು ಗುಬ್ಬಿಯನ್ನು ಕೇಳಿದರು.

"ಗಾಜು ಕತ್ತರಿಸ್ತಾರೆ," ಎಂದಳು ಗುಬ್ಬಿ. "ಆಗಾಗ ಬೆರಳೂ ಕತ್ತರಿಸ್ಕೋತಾರೆ. ಬೆರಳಿಗೆ ಪಟ್ಟಿ ಕಟ್ಟಿದ ದಿನ ಅಪ್ಪ ತೊದಲ್ತಾರೆ." ಒಂದು ಬೆರಳನ್ನು ಕೊರಡಿನಂತೆ ಬಿಗಿದುಕೊಂಡು ಅಣ್ಣನ ಹಾಗೆಯೇ ತೊದಲಿ ತೋರಿಸಿದಳು. ಆಕೆ ಹಿಂದಕ್ಕೊರಗಿ, ಭುಜ ಕುಲುಕುವಂತೆ ನಕ್ಕುಬಿಟ್ಟರು.

ಅಣ್ಣ ನಗಲಿಲ್ಲ. ನನ್ನ ಕಡೆ ತಿರುಗಿದ. ಅವನು ಐವತ್ತು ದಾಟಿದ ಗಂಡಸು. ಅವನ ತಮಾಷೆಗೆ ಹೊರಗಿನವರು ಯಾವಾಗ ನಕ್ಕಿದ್ದರೂ ಅದು ನಾನು ಬಾಯಲ್ಲಿ ಹೇಳಿದ ಮೇಲೆ, ನನ್ನ ಮುಖ ನೋಡಿಕೊಂಡು. ಅಷ್ಟು ಹೊತ್ತಿಗೆ ಅವನ ಕೈ ಕೆಳಗಿಳಿದಿರುತ್ತಿತ್ತು.

"ನೀನು ಹೇಳಿದ್ಯಾ?" ಎಂದು ಕೇಳಿದ.

"ಇಲ್ಲ. ನಾನು ಬಾಯೇ ತೆಗೆದಿಲ್ಲ."

ಅವನು ಪರದೆ ನೋಡಿದ. ಆಕೆ ಇನ್ನೂ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು.

"ಅವಳೇ ನಗಿಸಿದ್ಲಾ?"

"ಅವಳೇ," ಎಂದೆ. ಅಣ್ಣ ಅತ್ತುಬಿಟ್ಟ.